ನಿಪ್ಪಲ್ ಸುತ್ತ ಗ್ರೀಸ್, ಒಳಗೆ ಕೆಂಪು ಪುಡಿ

ಈ ಸದ್ದನ್ನು ಒಮ್ಮೆ ಕೇಳಿಸಿಕೊಳ್ಳಿ. ಟಕ್, ಟಕ್, ಟಕ್. ಹೋದ ವರ್ಷ ಮುಂಗಾರಿನಲ್ಲಿ ರಾಗಿ ಹೊಲ ಹದ ಮಾಡುವಾಗ ಫೋನಿನಲ್ಲಿ ತೆಗೆದ ವಿಡಿಯೊ ಇದು. ರೋಟವೇಟರ್ ಓಡುತ್ತಿದೆ. ಮೋಡ ಮುಚ್ಚಿದೆ, ಗಾಳಿ ತಣ್ಣಗಿದೆ, ನಾನು ಖುಷಿಯಲ್ಲಿ ಏನೋ ಗುನುಗುತ್ತಿದ್ದೇನೆ. ಆ ಟಕ್ ಟಕ್ ನನ್ನ ಕಿವಿಗೆ ಬಿದ್ದೇ ಇಲ್ಲ. ಇದಾಗಿ ಅರ್ಧ ಗಂಟೆಗೆ, ಟ್ರ್ಯಾಕ್ಟರಿನಿಂದ ರೋಟವೇಟರಿಗೆ ಶಕ್ತಿ ಸಾಗಿಸುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ತುದಿಯ ಶಿಲುಬೆ ಆಕಾರದ ಕೀಲು ಮುರಿಯಿತು.

ನಮಸ್ಕಾರ. ಕೋಲಾರ ಜಿಲ್ಲೆ, ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ತೋಟದಿಂದ ಮಾತಾಡುತ್ತಿದ್ದೇನೆ. ಇವತ್ತು ಯಂತ್ರದ ಕೀಲುಗಳಿಗೆ ಗ್ರೀಸ್ ಒತ್ತಿ ತುಂಬುವ ಗ್ರೀಸ್ ಗನ್ ಬಗ್ಗೆ ಹೇಳಬೇಕು. ಇದಕ್ಕೂ ಒಂದು ವಿಡಿಯೊ ಬೇಕಾ ಅಂತ ಮನೆಯಲ್ಲೂ ಕೇಳಿದರು. ಮುರಿದ ಕ್ರಾಸ್ ತೋರಿಸಿದೆ, ಸುಮ್ಮನಾದರು.

ನೋಡಿ, ಇದೇ ಅದು. ಮೆಕ್ಯಾನಿಕ್ ಇದರ ಬಟ್ಟಲು ಬಿಚ್ಚಿದಾಗ ಒಳಗೆ ಸೂಜಿಯಂಥ ರೋಲರ್‌ಗಳು ಇರಬೇಕಿತ್ತು. ಇದ್ದದ್ದು ತುಕ್ಕು ಹಿಡಿದ ಕೆಂಪು ಪುಡಿ. ಒಂದು ಹನಿ ಜಿಡ್ಡಿಲ್ಲ. ಹೊರಗೆ ನೋಡಿದರೆ ನಿಪ್ಪಲ್, ಅಂದರೆ ಗ್ರೀಸ್ ಒಳಗೆ ಹೋಗುವ ಸಣ್ಣ ಮೂತಿ, ಅದರ ಸುತ್ತ ಬೆರಳು ದಪ್ಪ ಗ್ರೀಸ್! ನಾನು ಪ್ರತಿ ವಾರ ಗ್ರೀಸ್ ಹೊಡೆಯುತ್ತಿದ್ದೆ, ಅದು ಸುಳ್ಳಲ್ಲ. ಅಷ್ಟೂ ಗ್ರೀಸ್ ಹೊರಗೇ ಉಳಿದಿತ್ತು. ಮೆಕ್ಯಾನಿಕ್ ನನ್ನ ಮುಖ ನೋಡಿ ನಕ್ಕ. ಏನೂ ಹೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮಣ್ಣಿನ ಹದ ಎರಡು ದಿನ ಇರುತ್ತದೆ, ಮೆಕ್ಯಾನಿಕ್ ಮೂರನೇ ದಿನ ಬರುತ್ತಾನೆ, ನಿಮಗೂ ಗೊತ್ತಲ್ಲ. ಆ ಸಲ ರಾಗಿ ಬಿತ್ತನೆ ಒಂದು ವಾರ ತಡವಾಯಿತು.

ಎಲ್ಲಿ ತಪ್ಪಾಯಿತು ಅಂತ ಹುಡುಕಿದರೆ ಸಿಕ್ಕಿದ್ದು ಇದು. ಹಳೇ ಗನ್ನಿನ ತುದಿ, ಕಪ್ಲರ್. ಹತ್ತಿರ ತೋರಿಸುತ್ತೇನೆ. ಒಳಗೆ ದವಡೆಗಳಿವೆ, ಕಾಣುತ್ತಾ? ಇವು ನಿಪ್ಪಲ್ಲಿನ ಕತ್ತನ್ನು ಹಿಡಿದುಕೊಳ್ಳಬೇಕು. ಸವೆದಿವೆ. ಹಿಡಿತ ಇಲ್ಲ ಅಂದಮೇಲೆ ಗ್ರೀಸ್ ಸಲೀಸಾದ ದಾರಿ ಹುಡುಕುತ್ತದೆ, ಪಕ್ಕದಿಂದ ಹೊರಗೆ ಬರುತ್ತದೆ. ಕೈಗೆ ಲಿವರ್ ಬಿಗಿಯಾಗಿ ಸಿಗದೆ ಮೆತ್ತಗೆ ಹೋದರೆ ಅನುಮಾನ ಪಡಬೇಕಿತ್ತು. ನಾನು, ಪರವಾಗಿಲ್ಲ, ಇವತ್ತು ಚೆನ್ನಾಗಿ ಹೋಗುತ್ತಿದೆ ಅಂದುಕೊಂಡಿದ್ದೆ.

ನಿಪ್ಪಲ್ ಕೂಡ ಬಹಳ ಸರಳ ವಸ್ತು. ತುದಿಯಲ್ಲಿ ಸಾಸಿವೆ ಕಾಳಿನಷ್ಟು ಉಕ್ಕಿನ ಗುಂಡು, ಅದರ ಹಿಂದೆ ಸ್ಪ್ರಿಂಗ್. ಒತ್ತಡ ಬಂದರೆ ಗುಂಡು ಒಳಗೆ ಸರಿದು ದಾರಿ ಬಿಡುತ್ತದೆ, ಒತ್ತಡ ಹೋದರೆ ಬಾಗಿಲು ಹಾಕಿಕೊಳ್ಳುತ್ತದೆ. ಆಸ್ಟ್ರಿಯಾ ಮೂಲದ ಆಸ್ಕರ್ ಜರ್ಕ್ ಅನ್ನುವವರು ಹೆಚ್ಚುಕಮ್ಮಿ ನೂರು ವರ್ಷದ ಹಿಂದೆ ಮಾಡಿದ್ದು. ಅಮೆರಿಕದ ರೈತರು ಈಗಲೂ ಇದನ್ನು ಜರ್ಕ್ ಅಂತಲೇ ಕರೆಯುತ್ತಾರೆ. ಆ ಗುಂಡಿನ ಮೇಲೆ ಮಣ್ಣು ಕೂತಿದ್ದಾಗ ನೀವು ಗನ್ ಹಚ್ಚಿದರೆ, ಗ್ರೀಸಿಗಿಂತ ಮೊದಲು ಒಳಗೆ ಹೋಗುವುದು ಆ ಮಣ್ಣು. ಅದಕ್ಕೇ ಈ ಹಳೇ ಬನಿಯನ್ ಬಟ್ಟೆ ಸದಾ ನನ್ನ ಸೀಟಿನ ಕೆಳಗೆ ಇರುತ್ತದೆ. ಮೊದಲು ಒರೆಸಬೇಕು, ಆಮೇಲೆ ಗನ್.

ನಮ್ಮ ಕಡೆ ಇದು ಇನ್ನೂ ಮುಖ್ಯ. ಕೋಲಾರದ ಕೆಂಪು ಮಣ್ಣು ಬೇಸಿಗೆಯಲ್ಲಿ ಅರಿಶಿನ ಪುಡಿಯ ಹಾಗೆ ಏಳುತ್ತದೆ. ಹಳೇ ಗ್ರೀಸಿನ ಜೊತೆ ಸೇರಿದರೆ ಅದು ಉಜ್ಜುವ ಪೇಸ್ಟ್ ಆಗುತ್ತದೆ, ಪಿನ್ನು, ಪಿನ್ನು ಕೂರುವ ಬುಶ್ಶು ಎರಡನ್ನೂ ತಿನ್ನುತ್ತದೆ. ಗ್ರೀಸ್ ಹೊಡೆಯುವುದು ಜಾರಲಿ ಅಂತ ಮಾತ್ರ ಅಲ್ಲ. ಹೊಸದು ಒಳಗೆ ಹೋಗಿ ಕೊಳೆತ ಹಳೆಯದನ್ನು ಹೊರಗೆ ತಳ್ಳಬೇಕು. ಪಿನ್ನಿನ ಅಂಚಿನಲ್ಲಿ ಕಪ್ಪು ಗ್ರೀಸ್ ಬಂದು, ಅದರ ಹಿಂದೆ ಹೊಸ ಬಣ್ಣ ಕಾಣುವವರೆಗೆ ಒತ್ತಬೇಕು. ನಿಪ್ಪಲ್ ಹತ್ತಿರ ಬಂದ ಗ್ರೀಸ್ ಲೆಕ್ಕಕ್ಕಿಲ್ಲ.

ನಮ್ಮ ತಾತನ ಗಾಡಿಯ ಕೆಳಗೆ ಒಂದು ಬಿದಿರಿನ ಗೊಟ್ಟ ತೂಗುತ್ತಿತ್ತು. ಅದರಲ್ಲಿ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿ ಮಾಡುತ್ತಿದ್ದರು. ಸಂತೆಗೆ ಹೊರಡುವ ಮುಂಚೆ ಚಕ್ರ ಸ್ವಲ್ಪ ಹೊರಗೆಳೆದು, ಅಚ್ಚಿನ ಹಳೆಯದನ್ನು ಒರೆಸಿ, ಹೊಸದು ಬಳಿಯುತ್ತಿದ್ದರು. ಒರೆಸಿಯೇ ಬಳಿಯುತ್ತಿದ್ದರು, ಅದನ್ನು ನಾನು ಮರೆತಿದ್ದೆ. ಈಗಿನ ಕೆಲವು ಟ್ರ್ಯಾಕ್ಟರ್‌ಗಳು ಗ್ರೀಸ್ ಮುಖ ನೋಡುವುದು ಆಯುಧ ಪೂಜೆ ದಿನ ಮಾತ್ರ. ನಿಂಬೆಹಣ್ಣಿಗೂ ಗ್ರೀಸಿಗೂ ಒಂದೇ ಮುಹೂರ್ತ!

ಸರಿ, ಹೊಸ ಗನ್ ತರಲು ಪೇಟೆಗೆ ಹೋದೆ. ನಮ್ಮ ಕಡೆ ಅಂಗಡಿಯಲ್ಲಿ ಅರ್ಧ ವ್ಯಾಪಾರ ತೆಲುಗಿನಲ್ಲೇ ನಡೆಯುತ್ತದೆ, ಚೌಕಾಶಿ ಪೂರ್ತಿ ತೆಲುಗಿನಲ್ಲಿ. ಅಂಗಡಿಯವರು ಮೊದಲು ತೋರಿಸಿದ್ದು ಪಿಸ್ತೂಲ್ ಮಾದರಿ. ಒಂದು ಕೈಯಲ್ಲಿ ಟ್ರಿಗರ್ ಒತ್ತಬಹುದು, ಇನ್ನೊಂದು ಕೈಯಲ್ಲಿ ಕಪ್ಲರ್ ಹಿಡಿಯಬಹುದು. ಇಕ್ಕಟ್ಟಿನ ಜಾಗಕ್ಕೆ ತುಂಬ ಸಲೀಸು. ಆದರೆ ಒಂದು ಒತ್ತಿಗೆ ಬರುವ ಗ್ರೀಸ್ ಕಮ್ಮಿ, ಬಿಗಿಯಾದ ಪಿನ್ ಸಿಕ್ಕರೆ ಅಂಗೈ ನೋಯುತ್ತದೆ. ಲಿವರ್ ಮಾದರಿಯಲ್ಲಿ ಬಲ ಜಾಸ್ತಿ, ಆದರೆ ಎರಡೂ ಕೈ ಅದಕ್ಕೇ ಬೇಕು. ಕಪ್ಲರ್ ಹಿಡಿಯಲು ಮೂರನೇ ಕೈ ಎಲ್ಲಿಂದ ತರೋದು? ಬ್ಯಾಟರಿಯದ್ದು ಚೆನ್ನಾಗಿದೆ, ಬಾಡಿಗೆಗೆ ನಾಲ್ಕೈದು ಗಾಡಿ ಓಡಿಸುವವರಿಗೆ. ನನಗೆ ಒಂದೇ ಟ್ರ್ಯಾಕ್ಟರ್, ಬೇಡ ಅಂದೆ. ಬಕೆಟ್ ಪಂಪ್ ಜೆಸಿಬಿ ಇರುವವರ ಮನೆಯಲ್ಲಿ ನೋಡಿದ್ದೇನೆ. ಅದನ್ನು ಹೊಲಕ್ಕೆ ಹೊತ್ತುಕೊಂಡು ಹೋಗುವ ಕೆಲಸ ನನ್ನಿಂದ ಆಗದು.

ನಾನು ತಂದಿದ್ದು ಲಿವರ್ ಗನ್ನೇ. ಆದರೆ ಜೊತೆಗೆ ಬಂದ ಕಪ್ಲರ್ ತೆಗೆದಿಟ್ಟು, ಬೇರೆ ದುಡ್ಡು ಕೊಟ್ಟು ಈ ಲಾಕ್ ಕಪ್ಲರ್ ತಂದೆ. ಹಿಡಿ ಒತ್ತಿದರೆ ದವಡೆ ಬಾಯಿ ಬಿಡುತ್ತದೆ, ಬಿಟ್ಟರೆ ನಿಪ್ಪಲ್ ಕಚ್ಚುತ್ತದೆ. ಇದೇ ನನ್ನ ಮೂರನೇ ಕೈ. ಉದ್ದನೆಯ ಬಗ್ಗುವ ಹೋಸ್ ಒಂದನ್ನೂ ಹಾಕಿಸಿದೆ. ನನ್ನ ಕೇಳಿದರೆ, ಗನ್ನಿನ ಹೊಳೆಯುವ ನಳಿಕೆಗೆ ಹೆಚ್ಚು ದುಡ್ಡು ಕೊಡಬೇಡಿ. ಉಳಿಸಿದ್ದನ್ನು ಕಪ್ಲರಿಗೂ ಹೋಸಿಗೂ ಹಾಕಿ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ನಿಪ್ಪಲ್ ಇಟ್ಟುಕೊಂಡು ಹೋಗಿ. ಅಲ್ಲೇ ಕಪ್ಲರಿಗೆ ಕಚ್ಚಿಸಿ, ಎಳೆದು ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಗ್ರೀಸ್ ಯಾವುದು ಅಂತ ಕೇಳುತ್ತೀರಿ. ಡಬ್ಬಿ ಮೇಲೆ 2 ಅಥವಾ 3 ಅಂತ ಇರುತ್ತದಲ್ಲ, ಅದು ಎನ್‌ಎಲ್‌ಜಿಐ ನಂಬರ್, ಅಂದರೆ ಗ್ರೀಸ್ ಎಷ್ಟು ಗಟ್ಟಿ ಅನ್ನುವ ಲೆಕ್ಕ. ನಮ್ಮ ಅಂಗಡಿಗಳಲ್ಲಿ ಎಪಿ 3 ಜಾಸ್ತಿ ಸಿಗುತ್ತದೆ. ಚಕ್ರದ ಹಬ್‌ಗೆ ಕೈಯಲ್ಲಿ ತುಂಬಲು ಒಳ್ಳೆಯದು. ಗನ್ನಿಗೆ ನಾನು ಹೆಚ್ಚು ಒತ್ತಡ ತಾಳುವ ಲಿಥಿಯಂ ಇಪಿ 2 ಬಳಸುತ್ತೇನೆ. ಮಾಗಿ ಚಳಿಯ ಬೆಳಿಗ್ಗೆ 3ನೇ ನಂಬರ್ ಗ್ರೀಸ್ ಗನ್ನಿನೊಳಗೆ ಕದಲುವುದೇ ಇಲ್ಲ. ನಿಮ್ಮ ಟ್ರ್ಯಾಕ್ಟರ್ ಪುಸ್ತಕದಲ್ಲಿ ಬೇರೆ ಬರೆದಿದ್ದರೆ ಪುಸ್ತಕದ ಮಾತು ಕೇಳಿ. ಕ್ಯಾಲ್ಸಿಯಂ ಗ್ರೀಸು ಲಿಥಿಯಂ ಗ್ರೀಸು ಮಾತ್ರ ಬೆರೆಸಬೇಡಿ. ಕೆಲವು ಜೋಡಿಗಳು ಸೇರಿದರೆ ನೀರಾಗಿ ಸುರಿದು ಹೋಗುತ್ತವೆ.

ಈಗ ತುಂಬುವುದು. ಹೆಚ್ಚಿನವರು ಬೈಯುವುದು ಇಲ್ಲೇ. ಹಿಂದಿನ ಸರಳನ್ನು ಪೂರ್ತಿ ಎಳೆದು ಕಚ್ಚಿಗೆ ಸಿಕ್ಕಿಸಿ. ತಲೆ ಬಿಚ್ಚಿ, ಗ್ರೀಸ್ ತುಂಬಿ. ಚಮಚದಲ್ಲಿ ತುಂಬುವಾಗ ನಡುವೆ ಗಾಳಿ ಉಳಿಯುತ್ತದೆ, ಅದಕ್ಕೇ ನಾನು ನಳಿಕೆಯನ್ನು ಆಗಾಗ ಮರದ ಹಲಗೆಗೆ ಕುಟ್ಟುತ್ತೇನೆ. ಇಡ್ಲಿ ಹಿಟ್ಟಿನ ಪಾತ್ರೆ ಕುಟ್ಟಿದ ಹಾಗೆ. ಇನ್ನೊಂದು ದಾರಿ, ನಳಿಕೆಯ ಬಾಯಿಯನ್ನು ಡಬ್ಬಿಯ ಗ್ರೀಸಿನೊಳಗೆ ಅದ್ದಿ ಸರಳನ್ನು ನಿಧಾನವಾಗಿ ಎಳೆಯುವುದು. ಸಿರಿಂಜಿನ ಹಾಗೆ ಹೀರಿಕೊಳ್ಳುತ್ತದೆ, ಕೈಯೂ ಕೊಳೆಯಾಗುವುದಿಲ್ಲ. ಆಮೇಲೆ ತಲೆ ಹಾಕಿ, ಸರಳನ್ನು ಕಚ್ಚಿನಿಂದ ಬಿಡಿಸಿ. ಇದನ್ನು ಮರೆತರೆ ಸ್ಪ್ರಿಂಗ್ ಗ್ರೀಸನ್ನು ತಳ್ಳುವುದೇ ಇಲ್ಲ. ನಾನು ಒಮ್ಮೆ ಹತ್ತು ನಿಮಿಷ ಬರೀ ಗಾಳಿ ಹೊಡೆದಿದ್ದೇನೆ.

ಎಲ್ಲ ಸರಿ ಮಾಡಿದರೂ ಗ್ರೀಸ್ ಬರುತ್ತಿಲ್ಲವೇ? ಗಾಳಿ ಸಿಕ್ಕಿಕೊಂಡಿದೆ. ತಲೆಯನ್ನು ಒಂದು ಸುತ್ತು ಸಡಿಲಿಸಿ, ಲಿವರ್ ನಿಧಾನವಾಗಿ ಆಡಿಸಿ. ಅಂಚಿನಿಂದ ಗ್ರೀಸ್ ಇಣುಕಿದಾಗ ಬಿಗಿ ಮಾಡಿ. ಗನ್ನಿನ ತಲೆಯಲ್ಲಿ ಗಾಳಿ ಬಿಡುವ ಸಣ್ಣ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿದರೂ ಸಾಕು.

ಇನ್ನೊಂದು ಸಣ್ಣ ಕೆಲಸ. ಅಡುಗೆ ಮನೆಯ ತೂಕದ ಮೆಷಿನ್ ಮೇಲೆ ಪೇಪರ್ ಹಾಕಿ ಹತ್ತು ಒತ್ತು ಹೊಡೆದೆ. ನನ್ನ ಗನ್ನಿಗೆ ಬಂದಿದ್ದು 9 ಗ್ರಾಂ. ಅಂದರೆ ಒಂದು ಒತ್ತಿಗೆ ಒಂದು ಗ್ರಾಮಿಗೆ ಸ್ವಲ್ಪ ಕಮ್ಮಿ. ಮೆಷಿನ್ ಒರೆಸಿಯೇ ವಾಪಸ್ ಇಟ್ಟೆ. ಆದರೂ ಸಿಕ್ಕಿಬಿದ್ದೆ.

ಟ್ರ್ಯಾಕ್ಟರ್ ಹತ್ತಿರ ಬರೋಣ. ಎಂಜಿನ್ ಆಫ್, ಕೀ ನನ್ನ ಜೇಬಿನಲ್ಲಿ. ಇದನ್ನು ಬಾಯಿ ಮಾತಿಗೆ ಹೇಳುತ್ತಿಲ್ಲ. ಪಿಟಿಒ, ಅಂದರೆ ರೋಟವೇಟರನ್ನು ಓಡಿಸುವ ಟ್ರ್ಯಾಕ್ಟರಿನ ಹಿಂದಿನ ಶಾಫ್ಟ್, ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಒಂದು ಸೆಕೆಂಡಿಗೆ ಒಂಬತ್ತು ಸುತ್ತು. ಪಂಚೆಯ ತುದಿ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯ ಇರುವುದಿಲ್ಲ.

ನಾನು ಶಾಫ್ಟಿನಿಂದಲೇ ಶುರು ಮಾಡುತ್ತೇನೆ, ಪೆಟ್ಟು ತಿಂದಿದ್ದೇ ಅಲ್ಲಿ. ಎರಡು ತುದಿಗೆ ಎರಡು ಕ್ರಾಸ್. ನಿಪ್ಪಲ್ ಒಳಮುಖವಾಗಿ ಅಡಗಿರುತ್ತದೆ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ ಮೇಲೆ ತರಬೇಕು. ಕಪ್ಲರ್ ನೇರ ಕೂರಬೇಕು, ಓರೆಯಾದರೆ ಮತ್ತೆ ಹೊರಗೇ ಸೋರುತ್ತದೆ. ನಿಧಾನವಾಗಿ ಒತ್ತಿ ನಾಲ್ಕೂ ಬಟ್ಟಲಿನ ಅಂಚು ನೋಡಿ. ಮೂರರಲ್ಲಿ ಗ್ರೀಸ್ ಬಂದು ಒಂದರಲ್ಲಿ ಬರದಿದ್ದರೆ ಆ ಒಂದೇ ನಾಳೆ ಮುರಿಯುವುದು. ಶಾಫ್ಟನ್ನು ಸ್ವಲ್ಪ ಅಲ್ಲಾಡಿಸಿ ಮತ್ತೆ ಒತ್ತಿ. ರೋಟವೇಟರ್ ಓಡಿಸುವ ದಿನ ನಾನು ಈ ಎರಡಕ್ಕೆ ತಪ್ಪದೆ ಹೊಡೆಯುತ್ತೇನೆ. ಒಂದರೊಳಗೊಂದು ಜಾರುವ ಎರಡು ಪೈಪಿಗೂ ಸ್ವಲ್ಪ ಬಳಿಯಬೇಕು. ರೋಟವೇಟರಿನ ಗೇರ್ ಬಾಕ್ಸಿಗೆ ಮಾತ್ರ ಎಣ್ಣೆ, ಗ್ರೀಸ್ ಅಲ್ಲ.

ಮುಂದಿನ ಆಕ್ಸಲ್. ನಡುವಿನ ಪಿನ್, ಎರಡು ಕಡೆ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕಿಂಗ್ ಪಿನ್. ಕಿಂಗ್ ಪಿನ್ ಮೇಲೆ ಇಡೀ ಮುಂಭಾಗದ ಭಾರ ಕೂತಿರುತ್ತದೆ, ಹಾಗೇ ಹೊಡೆದರೆ ಭಾರ ಹೊರುವ ಜಾಗಕ್ಕೇ ಗ್ರೀಸ್ ಸೇರುವುದಿಲ್ಲ. ಜಾಕ್ ಕೊಟ್ಟು ಸ್ವಲ್ಪ ಎತ್ತಿ, ಕೆಳಗೆ ಗಟ್ಟಿ ದಿಮ್ಮಿ ಇಟ್ಟು, ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸಿ ಹೊಡೆಯಿರಿ. ಸ್ಟೇರಿಂಗ್ ಹಗುರವಾಗಿದ್ದು ನಿಮ್ಮ ಕೈಗೇ ಗೊತ್ತಾಗುತ್ತದೆ. ಕ್ಲಚ್ ಬ್ರೇಕ್ ಪೆಡಲ್ ಶಾಫ್ಟಿಗೆ ಎರಡು ಒತ್ತು ಸಾಕು. ಹಿಂದೆ ಲಿಫ್ಟ್ ಸರಳಿನ ಹಿಡಿಕೆ ತಿರುಗಿಸುವ ಪೆಟ್ಟಿಗೆಗೂ ಒಂದು ನಿಪ್ಪಲ್ ಇದೆ, ಯಾರಿಗೂ ನೆನಪಿರುವುದಿಲ್ಲ. ಟ್ರ್ಯಾಕ್ಟರ್ ತೊಳೆದ ದಿನ ತೊಳೆದ ಮೇಲೇ ಗ್ರೀಸ್, ಒಳಗೆ ಹೊಕ್ಕ ನೀರೂ ಹೊರಗೆ ಬರಲಿ.

ಒಂದು ನಿಪ್ಪಲ್ ಕಟ್ಟಿಕೊಂಡಿದೆ ನೋಡಿ, ಲಿವರ್ ಕಲ್ಲಿನ ಹಾಗಿದೆ. ಇಲ್ಲಿ ಬಲ ತೋರಿಸಬೇಡಿ. ಕೈ ಲಿವರ್ ಗನ್ 10,000 ಪಿಎಸ್‌ಐವರೆಗೂ ಒತ್ತಡ ಕೊಡಬಲ್ಲದು. ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ನಾವು ಹಾಕುವ ಗಾಳಿ ಸುಮಾರು 12ರಿಂದ 16. ಲೆಕ್ಕ ಹಾಕಿಕೊಳ್ಳಿ. ಹೋಸಿನಲ್ಲಿ ಸೂಜಿ ತೂತು ಬಿದ್ದರೂ ಗ್ರೀಸ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟೇ ಗಾಯ, ಆದರೆ ಒಳಗೆ ಕೈಯೇ ಹಾಳಾಗಬಹುದು. ಹಾಗಾದರೆ ಅರಿಶಿನ ಹಚ್ಚಿ ಮಲಗಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಒತ್ತಡದಲ್ಲಿ ಗ್ರೀಸ್ ಹೊಕ್ಕಿದೆ ಅಂತ ಬಾಯಿಬಿಟ್ಟು ಹೇಳಿ. ಹೋಸನ್ನು ಬರಿ ಅಂಗೈಯಲ್ಲಿ ಸುತ್ತಿ ಹಿಡಿಯಬೇಡಿ, ಸ್ಪ್ರಿಂಗ್ ಕವಚ ಇರುವ ಕಡೆ ಹಿಡಿಯಿರಿ.

ಕಟ್ಟಿದ ನಿಪ್ಪಲ್ಲನ್ನು ಸ್ಪ್ಯಾನರಿನಲ್ಲಿ ಬಿಚ್ಚಿ ಡೀಸೆಲ್‌ನಲ್ಲಿ ನೆನೆಹಾಕಿದ್ದೇನೆ. ಬಿಡಲಿಲ್ಲ ಅಂದರೆ ಹೊಸದು ಹಾಕುವುದೇ ಸರಿ, ಒಂದು ಟೀ ದುಡ್ಡಿನ ವಸ್ತು. ಆದರೆ ಹಳೆಯದನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ, ಥ್ರೆಡ್ಡಿನ ಅಳತೆ ಬೇರೆ ಬೇರೆ ಇರುತ್ತದೆ. ಇನ್ನೊಂದು, ಕೆಲಸ ಮುಗಿದ ಮೇಲೆ ಕಪ್ಲರ್ ಬಿಡದಿದ್ದರೆ ನೇರ ಎಳೆಯಬೇಡಿ. ಸ್ವಲ್ಪ ಪಕ್ಕಕ್ಕೆ ಬಾಗಿಸಿ, ಒತ್ತಡ ಇಳಿದು ತಾನೇ ಬಿಡುತ್ತದೆ.

ಕೊನೆಗೆ ಟ್ರೇಲರ್. ಹೋದ ತಿಂಗಳು ಇದರಲ್ಲಿ ಕೆರೆ ಗೋಡು ಹೊಡೆದಿದ್ದೇವೆ, ಪಿನ್ನುಗಳೆಲ್ಲ ಮಣ್ಣಿನೊಳಗೆ ಹೂತಿವೆ. ನಾಳೆ ಮಾವಿನ ಕ್ರೇಟ್ ತುಂಬಿ ಮಂಡಿಗೆ ಹೋಗಬೇಕು. ಟ್ರೇಲರ್ ಎತ್ತಿ ಸುರಿಯುವಾಗ ತಿರುಗುವ ಎಡಗಡೆ ಟಿಪ್ಪಿಂಗ್ ಪಿನ್ನಿಗೆ ನಿಪ್ಪಲ್ ಇದೆ. ಬಲಗಡೆ ಇಲ್ಲ. ಕಂಪನಿಯವರು ಮರೆತಿದ್ದಾರೆ ಅಂತ ನಾಲ್ಕು ವರ್ಷ ಬೈದುಕೊಂಡಿದ್ದೆ. ಇವತ್ತು ಈ ವಿಡಿಯೊಗೆ ಅಂತ ಕ್ಯಾಮೆರಾ ಹತ್ತಿರ ಹಿಡಿದೆ. ಅಲ್ಲಿ ನೀಲಿ ಬಣ್ಣ ಸಣ್ಣದಾಗಿ ಉಬ್ಬಿದೆ, ಕಾಣುತ್ತಾ? ಸ್ಕ್ರೂಡ್ರೈವರ್‌ನಲ್ಲಿ ಕೆರೆಯುತ್ತೇನೆ. ಹಾಂ, ಇಲ್ಲೇ ಇದ್ದಾನೆ. ನಿಪ್ಪಲ್ ಮೇಲೇ ಪೇಂಟ್ ಹೊಡೆದಿದ್ದಾರೆ. ನಾಲ್ಕು ವರ್ಷಕ್ಕೆ ಮೊದಲ ಗ್ರೀಸ್. ಒತ್ತುತ್ತಿದ್ದೇನೆ, ಎಣಿಸಿ. ಹತ್ತು. ಇಪ್ಪತ್ತು. ಇನ್ನೂ ಕಪ್ಪೂ ಬಂದಿಲ್ಲ.