ಅಡಿಂಗ್ಟನ್ ಬಾವಿಯ ನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ಟೈಫಾಯಿಡ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ತೆರೆದ ಚರಂಡಿ, ಕೆಸರು ನೀರು, ನೊಣ. ಇವತ್ತು ನಾನು ಹೇಳುವ ಟೈಫಾಯಿಡ್ ಬಂದದ್ದು ಅಂಥ ಊರಿಗಲ್ಲ. ಮನೆಮನೆಗೆ ನಲ್ಲಿ, ನೆಲದಡಿ ಒಳಚರಂಡಿ, ಲೆಕ್ಕ ಇಡಲು ಆಫೀಸು, ಎಲ್ಲವೂ ಇದ್ದ ಊರು ಅದು.

ಊರಿನ ಹೆಸರು ಕ್ರಾಯ್ಡನ್. ಇಂಗ್ಲೆಂಡಿನಲ್ಲಿ, ಲಂಡನ್ನಿನ ದಕ್ಷಿಣಕ್ಕೆ ಇದೆ. ಈಗ ಲಂಡನ್ನಿನೊಳಗೇ ಸೇರಿಹೋಗಿದೆ. 1937ರಲ್ಲಿ ಅದಕ್ಕೆ ಅದರದೇ ನಗರಸಭೆ ಇತ್ತು. ಎರಡು ಲಕ್ಷಕ್ಕೂ ಜಾಸ್ತಿ ಜನ. ಆಗ ಲಂಡನ್ನಿಗೆ ವಿಮಾನದಲ್ಲಿ ಬರುವವರು ಹೆಚ್ಚಾಗಿ ಇಳಿಯುತ್ತಿದ್ದದ್ದು ಕ್ರಾಯ್ಡನ್ನಿನಲ್ಲೇ.

ಆ ಕಾಲದ ಇಂಗ್ಲೆಂಡಿನ ಪ್ರತಿ ಊರಿಗೂ ಒಬ್ಬರು ಆರೋಗ್ಯಾಧಿಕಾರಿ ಇರುತ್ತಿದ್ದರು. ಡಾಕ್ಟರ್ ಓದಿದವರೇ ಆ ಕೆಲಸಕ್ಕೆ ಬೇಕು. ಅವರ ಕೈಕೆಳಗೆ ಸ್ಯಾನಿಟರಿ ಇನ್‌ಸ್ಪೆಕ್ಟರುಗಳು. ಹಾಲಿನ ಸ್ಯಾಂಪಲ್ ತೆಗೆಯುವುದು, ಕಸಾಯಿಖಾನೆಯ ಮಾಂಸ ನೋಡುವುದು, ಗೋಡೆ ಒದ್ದೆಯಾದ ಮನೆಗಳನ್ನು ಪಟ್ಟಿ ಮಾಡುವುದು, ಎಲ್ಲ ಇವರ ಕೆಲಸ. ಊರಿನ ಯಾವ ಡಾಕ್ಟರಿಗೇ ಆಗಲಿ ಟೈಫಾಯಿಡ್ ರೋಗಿ ಕಂಡರೆ, ಆರೋಗ್ಯಾಧಿಕಾರಿಗೆ ಬರೆದು ತಿಳಿಸಲೇಬೇಕು. ಅದು ಕಾನೂನು. ವರ್ಷದ ಕೊನೆಗೆ ಅವರು ಒಂದು ವರದಿ ಬರೆಯುತ್ತಿದ್ದರು. ಎಷ್ಟು ಮಕ್ಕಳು ಹುಟ್ಟಿದವು, ಒಂದು ವರ್ಷ ತುಂಬುವ ಮೊದಲೇ ಎಷ್ಟು ಮಕ್ಕಳು ತೀರಿಕೊಂಡವು, ಕ್ಷಯ ಎಷ್ಟು ಮಂದಿಗೆ, ಎಲ್ಲವೂ ಅದರಲ್ಲಿ. ಇಂಥ ಹಳೆಯ ವರದಿಗಳನ್ನು ನಾನು ಪ್ರೀತಿಯಿಂದ ಓದುತ್ತೇನೆ. ಒಂದು ಊರು ತನ್ನ ಜನರ ಮೇಲೆ ಇಟ್ಟ ಕಾಳಜಿ ಅದರಲ್ಲಿ ಕಾಣುತ್ತದೆ.

ಇಷ್ಟೆಲ್ಲ ಇದ್ದ ಊರಿನಲ್ಲಿ ಆ ವರ್ಷ ಏನಾಯಿತು ನೋಡಿ.

ಊರಂಚಿನಲ್ಲಿ ಅಡಿಂಗ್ಟನ್ ಅಂತ ಒಂದು ಜಾಗ. ಅಲ್ಲೊಂದು ಆಳವಾದ ಬಾವಿ. ಕ್ರಾಯ್ಡನ್ನಿನ ಹೆಚ್ಚುಕಮ್ಮಿ ಐದನೇ ಒಂದು ಭಾಗಕ್ಕೆ ಕುಡಿಯುವ ನೀರು ಅಲ್ಲಿಂದಲೇ. ಅಲ್ಲಿನ ನೆಲ ಸುಣ್ಣದ ಕಲ್ಲಿನದು. ಬಳಪದಂಥ ಬಿಳಿ, ಮೆತ್ತಗಿನ ಕಲ್ಲು. ಆ ಕಲ್ಲಿನ ಬಿರುಕುಗಳಲ್ಲಿ ನೀರು ಹರಿದು ಬಾವಿಗೆ ಬರುತ್ತದೆ. ಲೋಟಕ್ಕೆ ಹಿಡಿದರೆ ಫಳಫಳ ಹೊಳೆಯುವ ನೀರು. ಹಾಗೆ ಹೊಳೆಯುತ್ತದೆ ಅಂತಲೇ ಜನಕ್ಕೆ ಅದರ ಮೇಲೆ ನಂಬಿಕೆ.

1937ರ ಸೆಪ್ಟೆಂಬರ್ ಕೊನೆಗೆ ಆ ಬಾವಿಯಲ್ಲಿ ರಿಪೇರಿ ಕೆಲಸ ಶುರುವಾಯಿತು. ಕೆಲಸದವರು ಬಾವಿಯೊಳಗೆ ಇಳಿದರು. ಇಲ್ಲಿ ಒಂದು ಮಾತು ಗಮನಿಸಿ. ಅವರು ಒಳಗೆ ಕೆಲಸ ಮಾಡುತ್ತಿದ್ದಾಗಲೂ ಬಾವಿಯ ನೀರು ಊರಿಗೆ ಹೋಗುತ್ತಲೇ ಇತ್ತು. ಜೊತೆಗೆ ನೀರನ್ನು ಸೋಸುವುದೂ ನಿಂತಿತ್ತು, ರೋಗಾಣು ಸಾಯಲು ಕ್ಲೋರಿನ್ ಹಾಕುವುದೂ ನಿಂತಿತ್ತು. ಬಾವಿಗೆ ಇಳಿದವರಲ್ಲಿ ಒಬ್ಬರು ಕೆಲಸಕ್ಕೆ ಹೊಸಬರು. ಅವರಿಗೆ ಹಿಂದೆ ಯಾವಾಗಲೋ ಟೈಫಾಯಿಡ್ ಬಂದು ವಾಸಿಯಾಗಿತ್ತು. ಗಟ್ಟಿಮುಟ್ಟಾದ ಆಳು. ಆದರೆ ಟೈಫಾಯಿಡ್ ವಾಸಿಯಾದ ಕೆಲವರ ಪಿತ್ತಕೋಶದಲ್ಲಿ ಆ ರೋಗಾಣು ವರ್ಷಗಟ್ಟಲೆ ಉಳಿದುಬಿಡುತ್ತದೆ. ಅವರಿಗೆ ಜ್ವರವಿಲ್ಲ, ನೋವಿಲ್ಲ. ತಮ್ಮೊಳಗೆ ಹೀಗೊಂದು ಇದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಮಲದಲ್ಲಿ, ಕೆಲವೊಮ್ಮೆ ಮೂತ್ರದಲ್ಲಿ, ರೋಗಾಣು ಹೊರಗೆ ಬರುತ್ತಲೇ ಇರುತ್ತದೆ.

ಊರಿನ ಆರೋಗ್ಯಾಧಿಕಾರಿಯ ಹೆಸರು ಆಸ್ಕರ್ ಹೋಲ್ಡನ್. ಬಾವಿಯಲ್ಲಿ ಜನ ಇಳಿದಿದ್ದಾರೆ, ಕ್ಲೋರಿನ್ ನಿಂತಿದೆ ಅನ್ನುವುದನ್ನು ನೀರಿನ ವಿಭಾಗದವರು ಅವರಿಗೆ ಹೇಳಿರಲಿಲ್ಲ. ಇಬ್ಬರೂ ಒಂದೇ ನಗರಸಭೆಯ ನೌಕರರು.

ಟೈಫಾಯಿಡ್ ನೀರು ಕುಡಿದ ದಿನವೇ ಬರುವ ಕಾಯಿಲೆಯಲ್ಲ. ಒಂದರಿಂದ ಮೂರು ವಾರ ಸುಮ್ನೆ ಇರುತ್ತದೆ. ಆಮೇಲೆ ತಲೆನೋವು, ಸುಸ್ತು, ದಿನದಿನಕ್ಕೆ ಏರುವ ಜ್ವರ. ಅಕ್ಟೋಬರ್ ಕೊನೆಗೆ ಕ್ರಾಯ್ಡನ್ನಿನ ಡಾಕ್ಟರುಗಳಿಂದ ಒಂದೊಂದೇ ಚೀಟಿ ಬರತೊಡಗಿತು. ಅಷ್ಟು ಹೊತ್ತಿಗೆ ಆ ನೀರನ್ನು ಜನ ವಾರಗಟ್ಟಲೆ ಕುಡಿದಾಗಿತ್ತು.

ಆಗ ಟೈಫಾಯಿಡ್‌ಗೆ ಔಷಧವೇ ಇರಲಿಲ್ಲ. ಕ್ಲೋರಾಂಫೆನಿಕಾಲ್ ಎಂಬ ಮದ್ದು ಈ ಕಾಯಿಲೆಗೆ ಸಿಕ್ಕಿದ್ದು 1948ರಲ್ಲಿ. ಅದಕ್ಕೆ ಮೊದಲು ಆರೈಕೆಯೊಂದೇ ಗತಿ. ರೋಗಿಯನ್ನು ಅಲುಗಾಡದಂತೆ ಮಲಗಿಸಬೇಕು. ತೆಳ್ಳಗಿನ ಆಹಾರ, ಅದೂ ಗುಟುಕು ಗುಟುಕಾಗಿ. ಒದ್ದೆ ಬಟ್ಟೆಯಿಂದ ಮೈ ಒರೆಸಬೇಕು. ಹಾಸಿಗೆ ಬಟ್ಟೆಯನ್ನು ಕ್ರಿಮಿನಾಶಕದಲ್ಲಿ ನೆನೆಹಾಕಬೇಕು. ಮೂರನೇ ವಾರ ಬಂತೆಂದರೆ ನರ್ಸುಗಳಿಗೆ ಎದೆ ಡವಡವ. ಕರುಳಿನ ಹುಣ್ಣು ಒಡೆದು ತೂತಾಗುವುದು ಹೆಚ್ಚಾಗಿ ಆಗಲೇ. ಮನೆಯವರು ಬಾಗಿಲ ಬಳಿ ನಿಂತು ಅವರ ಮುಖ ನೋಡುವುದು, ಅವರು ಏನೂ ಹೇಳಲಾರದೆ ಇರುವುದು. ಇಂಥ ಮನೆಗಳು ಎಷ್ಟಿದ್ದವೋ ಆ ಚಳಿಗಾಲದಲ್ಲಿ.

ಮೂಲ ಹುಡುಕುವುದು ಸುಲಭವಿರಲಿಲ್ಲ. ಟೈಫಾಯಿಡ್ ಹಾಲಿನಿಂದ ಬರಬಹುದು, ಐಸ್‌ಕ್ರೀಮಿನಿಂದ ಬರಬಹುದು, ಕಡಲ ಚಿಪ್ಪುಮೀನು ತಿಂದರೂ ಬರಬಹುದು. ಒಂದೊಂದು ಮನೆಗೂ ಹೋಗಿ ಏನು ತಿಂದಿರಿ, ಹಾಲು ಯಾರು ಕೊಡುತ್ತಾರೆ ಅಂತ ಕೇಳಬೇಕು. ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ನಕ್ಷೆ. ಕಾಯಿಲೆ ಬಿದ್ದ ಮನೆಗಳನ್ನು ಗುರುತು ಮಾಡುತ್ತಾ ಹೋದರೆ, ಅವೆಲ್ಲ ಅಡಿಂಗ್ಟನ್ ನೀರು ಹೋಗುವ ಕಡೆಯೇ ಒಟ್ಟಾಗಿ ನಿಂತಿದ್ದವು. ನವೆಂಬರ್ ಮೊದಲಲ್ಲಿ ಬಾವಿಯ ನೀರನ್ನು ನಿಲ್ಲಿಸಿದರು.

ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಒಟ್ಟು 341 ಜನಕ್ಕೆ ಕಾಯಿಲೆ ಬಂತು. 43 ಜನ ಸತ್ತರು.

ಊರಿನವರು ಸುಮ್ಮನೆ ಕೂರಲಿಲ್ಲ. ನಮಗೆ ಯಾಕೆ ಬೇಗ ಹೇಳಲಿಲ್ಲ, ನೀರು ಕಾಯಿಸಿ ಕುಡಿಯಿರಿ ಅಂತ ಯಾಕೆ ಮೊದಲೇ ಸಾರಲಿಲ್ಲ ಅಂತ ಜೋರಾಗಿ ಕೇಳಿದರು. ಪತ್ರಿಕೆಗಳೂ ಬಿಡಲಿಲ್ಲ. ಸರ್ಕಾರ ಬಹಿರಂಗ ವಿಚಾರಣೆ ನಡೆಸಬೇಕಾಯಿತು. ಮರ್ಫಿ ಎಂಬ ಹಿರಿಯ ವಕೀಲರು ಅದರ ಮುಖ್ಯಸ್ಥರು. ಅವರ ವರದಿ 1938ರಲ್ಲಿ ಬಂತು. ಬಾವಿಯ ರಿಪೇರಿ, ರೋಗಾಣು ಹೊತ್ತ ಒಬ್ಬ ಆಳು, ನಿಂತ ಕ್ಲೋರಿನ್. ಈ ಮೂರೂ ಒಂದೇ ಹೊತ್ತಿಗೆ ಕೂಡಿ ಬಂದದ್ದೇ ಕಾರಣ ಅಂತ ತೀರ್ಮಾನವಾಯಿತು. ಆಫೀಸು ಆಫೀಸುಗಳ ನಡುವೆ ಮಾತುಕತೆ ಇಲ್ಲದ್ದೂ ಎತ್ತಿ ತೋರಿಸಲಾಯಿತು. ಕಾಯಿಲೆ ಬಿದ್ದ ಒಬ್ಬ ಹುಡುಗಿಯ ಕಡೆಯವರು ಕೋರ್ಟಿಗೂ ಹೋದರು. ಕೋರ್ಟು ನಗರಸಭೆಯೇ ಹೊಣೆ ಅಂದಿತು.

ನನಗೆ ತುಂಬ ಕಾಡುವುದು ಆ ಮಾತುಕತೆಯ ಸಂಗತಿ. ಕ್ಲೋರಿನ್ ಬಗ್ಗೆ ಗೊತ್ತಿಲ್ಲದ ಕಾಲವೇ ಅದು? ಅಲ್ಲ. ಅದಕ್ಕೆ 40 ವರ್ಷ ಮೊದಲೇ, 1897ರಲ್ಲಿ, ಮೇಡ್‌ಸ್ಟನ್ ಎಂಬ ಊರಿನಲ್ಲಿ ಇದೇ ಟೈಫಾಯಿಡ್ ಬಂದಾಗ ನೀರಿನ ಕೊಳವೆಗಳನ್ನು ಕ್ಲೋರಿನ್ನಿನಿಂದ ಶುದ್ಧ ಮಾಡಿದ್ದರು. 1905ರಲ್ಲಿ ಲಿಂಕನ್ ಊರಿನಲ್ಲೂ ಮಾಡಿದ್ದರು. ಕ್ರಾಯ್ಡನ್ನಿನಲ್ಲಿ ಯಂತ್ರವಿತ್ತು, ಕ್ಲೋರಿನ್ ಇತ್ತು, ತಿಳಿದವರಿದ್ದರು. ‘ಡಾಕ್ಟರೇ, ನಾಳೆಯಿಂದ ಬಾವಿಯಲ್ಲಿ ಕೆಲಸ ಇದೆ, ಕ್ಲೋರಿನ್ ನಿಲ್ಲಿಸುತ್ತಿದ್ದೇವೆ’ ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು ಅಲ್ವಾ? ಬೇಡ ಅನ್ನುತ್ತಿದ್ದರು ಡಾಕ್ಟರು. ಇಲ್ಲವೇ, ಕೆಲಸ ಮುಗಿಯುವ ತನಕ ಆ ನೀರನ್ನು ಊರಿಗೆ ಬಿಡಬೇಡಿ ಅನ್ನುತ್ತಿದ್ದರು.

ಆ ಕೆಲಸಗಾರರ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ. ಹೊಟ್ಟೆಪಾಡಿಗೆ ಬಾವಿಗೆ ಇಳಿದವರು. ಇಳಿ ಅಂದರು, ಇಳಿದರು.

ಕ್ರಾಯ್ಡನ್ ಆದ ಮೇಲೆ ಬ್ರಿಟನ್ನಿನ ನೀರಿನ ಆಫೀಸುಗಳು ಬದಲಾದವು. ಬಾವಿ ನೀರು ಎಷ್ಟೇ ತಿಳಿಯಾಗಿರಲಿ, ಕ್ಲೋರಿನ್ ಹಾಕುವುದು ರೂಢಿಯಾಯಿತು. ಕುಡಿಯುವ ನೀರಿನ ಹತ್ತಿರ ಕೆಲಸ ಮಾಡಲು ಬರುವವರನ್ನು ಈಗಲೂ ಅಲ್ಲಿ ಮೊದಲು ವಿಚಾರಿಸುತ್ತಾರೆ: ನಿಮಗೆ ಯಾವಾಗಲಾದರೂ ಟೈಫಾಯಿಡ್ ಬಂದಿತ್ತೇ? ಅನುಮಾನ ಇದ್ದರೆ ಪರೀಕ್ಷೆ ಆಗುವವರೆಗೆ ನೀರಿನ ಬಳಿ ಬಿಡುವುದಿಲ್ಲ.