ಮನೆಯಲ್ಲೇ ಹಮ್ಮಸ್: ಬೀಟ್‌ರೂಟ್, ಕೊತ್ತಂಬರಿ, ಮತ್ತೆ ನಮ್ಮ ಹುಚ್ಚೆಳ್ಳು

(ಅಡುಗೆಮನೆ ಕಟ್ಟೆ. ನಾಲ್ಕು ಬಟ್ಟಲು: ಕೆನೆ ಬಣ್ಣ, ಗುಲಾಬಿ, ಹಸಿರು, ಬೂದು.)

ನಮಸ್ಕಾರ. ಮೈಸೂರಿನ ನಮ್ಮ ಅಡುಗೆಮನೆಗೆ ಬನ್ನಿ. ಈ ನಾಲ್ಕು ಬಟ್ಟಲಲ್ಲಿರುವುದೂ ಹಮ್ಮಸ್ಸೇ. ಗುಲಾಬಿ ಬೀಟ್‌ರೂಟ್, ಹಸಿರು ಕೊತ್ತಂಬರಿ. ಈ ಬೂದು ಬಣ್ಣದ್ದನ್ನು ಕೊನೆಗೆ ಹೇಳುತ್ತೇನೆ. ನೋಡಲು ಅಂಥ ಚೆಂದ ಇಲ್ಲ, ಆದರೆ ಮೊದಲು ಖಾಲಿಯಾಗುವುದು ಅದೇ.

ಹಮ್ಮಸ್ ಅಂದರೆ ಬೆಂದ ಕಾಬೂಲ್ ಕಡಲೆ, ಎಳ್ಳು ಅರೆದು ಮಾಡುವ ನಯವಾದ ಪೇಸ್ಟ್. ಲೆಬನಾನ್, ಸಿರಿಯಾ, ಪ್ಯಾಲೆಸ್ಟೀನ್ ಕಡೆಯ ಮನೆಮನೆಯ ಅಡುಗೆ. ಅದರ ಮೇಲೆ ಅಲ್ಲಿಯವರ ಅಭಿಮಾನ ಎಷ್ಟು ಅಂದರೆ, 2010ರಲ್ಲಿ ಲೆಬನಾನ್‌ನವರು 10,452 ಕೆಜಿ ಹಮ್ಮಸ್ ಮಾಡಿ ಗಿನ್ನೆಸ್ ದಾಖಲೆ ಬರೆದರು. ಆ ಲೆಕ್ಕ ಯಾಕೆ? ಅವರ ದೇಶದ ವಿಸ್ತೀರ್ಣ 10,452 ಚದರ ಕಿಲೋಮೀಟರ್. ಅಂಥವರ ಮುಂದೆ ಬೀಟ್‌ರೂಟ್ ಹಾಕಿದ್ದನ್ನು ಇಟ್ಟರೆ ಮುಖ ಸಿಂಡರಿಸುವವರು ಇದ್ದೇ ಇರುತ್ತಾರೆ. ಅವರ ತಕರಾರಿನಲ್ಲಿ ನ್ಯಾಯವೂ ಇದೆ. ಬರೀ ಹಮ್ಮಸ್ ನಯವಾಗಿ ಬರದೆ ಫ್ಲೇವರ್‌ಗೆ ಕೈ ಹಾಕಿದರೆ ಆಗುವುದು ಬಣ್ಣದ ಚಟ್ನಿ ಅಷ್ಟೇ. ಹಾಗಾಗಿ ಈ ವಿಡಿಯೋದಲ್ಲಿ ಜಾಸ್ತಿ ಹೊತ್ತು ಕಡಲೆ ಮತ್ತು ಎಳ್ಳಿನ ಮೇಲೇ.

(ಕ್ಲೋಸಪ್: ನೆನೆದ ಕಾಬೂಲ್ ಕಡಲೆ.)

ಒಂದು ಕಪ್ ಕಾಬೂಲ್ ಕಡಲೆ. ರಾತ್ರಿಯೇ ನೆನೆಹಾಕಿ. ಬೆಳಗ್ಗೆ ಆ ನೀರು ಚೆಲ್ಲಿ, ತೊಳೆದು, ಹೊಸ ನೀರು ಹಾಕಿ. ಅರ್ಧ ಚಮಚ ಅಡುಗೆ ಸೋಡಾ ಹಾಕಿ ಕುಕ್ಕರ್‌ಗೆ ಇಡಿ. ಉಪ್ಪು ಈಗ ಬೇಡ.

ನೀರಿನ ವಿಷಯ ಸ್ವಲ್ಪ ಗಮನಿಸಿ. ನಿಮ್ಮ ಮನೆಗೆ ಕಾವೇರಿ ನೀರು ಬರುತ್ತಿದ್ದರೆ ಚಿಂತೆಯಿಲ್ಲ. ಬೋರ್ ನೀರಾದರೆ ಬೇಳೆ ಬೇಯಲ್ಲ ಅಂತ ಎಲ್ಲರ ಮನೆಯಲ್ಲೂ ಹೇಳುತ್ತಾರಲ್ವಾ? ಅದು ಸುಮ್ನೆ ಮಾತಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನೊಳಗಿನ ಪೆಕ್ಟಿನ್ ಅನ್ನುವ ಅಂಟಿನಂಥ ಅಂಶಕ್ಕೆ ಅಂಟಿಕೊಂಡು ಅದನ್ನು ಬಿಗಿ ಮಾಡುತ್ತವೆ. ಸೋಡಾ ಅದಕ್ಕೆ ಉಲ್ಟಾ, ಪೆಕ್ಟಿನ್ ಸಡಿಲವಾಗುತ್ತದೆ, ಸಿಪ್ಪೆಯೂ ಬೇಗ ಬಿಡುತ್ತದೆ. ಬೋರ್ ನೀರಿನವರು ಇದೊಂದು ಅಡುಗೆಗೆ ಫಿಲ್ಟರ್ ನೀರು ಬಳಸಿ. ಸೋಡಾ ಮಾತ್ರ ಅರ್ಧ ಚಮಚ ದಾಟಬಾರದು, ಸೋಪಿನ ರುಚಿ ಬರುತ್ತದೆ.

ಐದಾರು ವಿಷಲ್ ಆಗಲಿ. ಪ್ರೆಶರ್ ಇಳಿದ ಮೇಲೆ ಒಂದು ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ನೋಡಿ. ನಡುವೆ ತರಿ ಸಿಕ್ಕಿದರೆ ಇನ್ನೆರಡು ವಿಷಲ್. ಉಸ್ಲಿಗೆ ಬೇಯಿಸುವ ಹದ ಇಲ್ಲಿಗೆ ಸಾಲದು, ಕಾಳು ಪೂರ್ತಿ ಮೆತ್ತಗಾಗಬೇಕು.

(ಕ್ಲೋಸಪ್: ಕೈಬೆರಳು, ಸಿಪ್ಪೆಯಿಂದ ಜಾರುವ ಕಾಳು.)

ಈಗ ಸಿಪ್ಪೆ. ಹೋಟೆಲ್ ಹಮ್ಮಸ್ಸಿನ ನಯ ಮನೆಯಲ್ಲಿ ಬರುವುದಿಲ್ಲ ಅನ್ನುವವರು ಸಾಮಾನ್ಯವಾಗಿ ಬಿಟ್ಟಿರುವುದು ಇದನ್ನೇ. ಡಿಸೆಂಬರ್, ಜನವರಿ ಬಂತೆಂದರೆ ಕೂತು ಕೆಜಿಗಟ್ಟಲೆ ಅವರೆಕಾಳು ಹಿತಕುವ ಊರು ನಮ್ಮದು. ಒಂದು ಕಪ್ ಕಡಲೆ ಯಾವ ಲೆಕ್ಕ? ಬೆಂದ ಕಾಳನ್ನು ಅಗಲ ಪಾತ್ರೆಗೆ ಹಾಕಿ, ತಣ್ಣೀರು ಸುರಿದು, ಅಂಗೈಯಲ್ಲಿ ಮೆಲ್ಲಗೆ ಉಜ್ಜಿ. ಸಿಪ್ಪೆ ಮೇಲೆ ತೇಲುತ್ತದೆ, ಬಗ್ಗಿಸಿ ಚೆಲ್ಲಿ. ಮುಕ್ಕಾಲು ಭಾಗ ಹೋದರೆ ಸಾಕು, ಒಂದೊಂದನ್ನೇ ಹುಡುಕುತ್ತಾ ಕೂರಬೇಡಿ.

(ಕ್ಯಾಮೆರಾ ಹಿಂದಿನಿಂದ ಅಮ್ಮನ ದನಿ: "ಇಷ್ಟೆಲ್ಲ ಮಾಡಿ ಕೊನೆಗೆ ಕಡಲೆ ಚಟ್ನಿನೇ ಅಲ್ವೇನೋ ಅದು?")

ಇಲ್ಲಮ್ಮ, ಎಳ್ಳು ಬೀಳಲಿ, ಆಮೇಲೆ ಹೇಳು.

(ಬಾಣಲೆಯಲ್ಲಿ ಬಿಳಿ ಎಳ್ಳು.)

ಹಮ್ಮಸ್ಸಿಗೆ ತಹಿನಿ ಬೇಕು. ಅಂದರೆ ಎಳ್ಳು ಅರೆದ ಪೇಸ್ಟ್. ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ, ಆದರೆ ಆ ಸಣ್ಣ ಬಾಟಲಿಯ ದುಡ್ಡಿಗೆ ಸಂತೇಪೇಟೆಯ ದಿನಸಿ ಅಂಗಡಿಯಲ್ಲಿ ಚೀಲ ತುಂಬ ಎಳ್ಳು ತರಬಹುದು. ಸಂಕ್ರಾಂತಿಗೆ ಎಳ್ಳು ಬೀರಲು ತರುತ್ತೀರಲ್ಲ, ಸಿಪ್ಪೆ ತೆಗೆದ ಬಿಳಿ ಎಳ್ಳು, ಅದೇ ಬೇಕು. ಸಿಪ್ಪೆ ಇರುವ ಎಳ್ಳು ಕಹಿ ಬಿಡುತ್ತದೆ. ಮುಕ್ಕಾಲು ಕಪ್ ಎಳ್ಳನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿಯಿರಿ. ಘಮ ಬಂದ ತಕ್ಷಣ ಇಳಿಸಿ, ಕೆಂಪಾಗಬಾರದು. ಆರಿದ ಮೇಲೆ ಚಟ್ನಿ ಜಾರಿನಲ್ಲಿ ಎರಡು ಮೂರು ಚಮಚ ಎಣ್ಣೆ ಹಾಕಿ, ಬಿಟ್ಟು ಬಿಟ್ಟು ಅರೆಯಿರಿ. ಮೊದಲು ಪುಡಿ, ಆಮೇಲೆ ಮುದ್ದೆ, ಕೊನೆಗೆ ಚಮಚದಿಂದ ಇಳಿದು ಬೀಳುವಷ್ಟು ತೆಳ್ಳಗೆ. ಮಿಕ್ಸಿ ಬಿಸಿಯಾದರೆ ಎರಡು ನಿಮಿಷ ಸುಮ್ಮನಿರಿ.

ಇನ್ನು ಅದೇ ಜಾರಿಗೆ ಎರಡು ನಿಂಬೆಹಣ್ಣಿನ ರಸ, ಮೂರು ಎಸಳು ಬೆಳ್ಳುಳ್ಳಿ, ಉಪ್ಪು, ಅರ್ಧ ಚಮಚ ಜೀರಿಗೆ ಪುಡಿ. ಬೆಳ್ಳುಳ್ಳಿಯನ್ನು ನಿಂಬೆರಸದ ಜೊತೆಗೇ ಅರೆಯಬೇಕು. ಹುಳಿಯಲ್ಲಿ ಅದರ ಘಾಟು ಜಾಸ್ತಿ ಏಳುವುದಿಲ್ಲ. ಈ ಹಂತದಲ್ಲಿ ಪೇಸ್ಟ್ ಗಟ್ಟಿ ಮುದ್ದೆಯಾಗುತ್ತದೆ. ಕೆಟ್ಟುಹೋಯಿತು ಅಂದುಕೊಳ್ಳಬೇಡಿ. ಐಸ್ ನೀರು ಒಂದೊಂದೇ ಚಮಚ ಹಾಕುತ್ತಾ ತಿರುಗಿಸಿ, ಬೆಳ್ಳಗೆ, ಹಗುರವಾಗಿ ಬರುತ್ತದೆ. ಆಮೇಲೆ ಉಗುರುಬೆಚ್ಚಗಿನ ಕಡಲೆ. ಕುದಿಯುವ ಕಾಳು ಹಾಕಿ ಮುಚ್ಚಳ ಹಾಕಿದರೆ ಹಬೆಗೆ ಮುಚ್ಚಳ ಹಾರುತ್ತದೆ, ಜೋಪಾನ. ನಾಲ್ಕೈದು ನಿಮಿಷ, ನಡುವೆ ಬಿಡುವು ಕೊಟ್ಟು ಅರೆಯಿರಿ. ಆಲಿವ್ ಎಣ್ಣೆ ಜಾರಿಗೆ ಬೇಡ. ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ಜೋರಾಗಿ ತಿರುಗಿದರೆ ಕಹಿಯಾಗಬಹುದು. ಬಟ್ಟಲಿಗೆ ಹಾಕಿದ ಮೇಲೆ ಸುರಿಯಿರಿ.

(ಅಮ್ಮ ಬೆರಳಲ್ಲಿ ನೆಕ್ಕಿ: "ಹೂಂ ಕಣೋ, ಚಟ್ನಿ ಅಲ್ಲ.")

ಇದನ್ನು ನಾಲ್ಕು ಪಾಲು ಮಾಡಿ. ಒಂದು ಪಾಲು ಹೀಗೇ ಇರಲಿ.

ಬೀಟ್‌ರೂಟ್: ಸಣ್ಣದೊಂದನ್ನು ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ. ಹೆಚ್ಚಿ ಬೇಯಿಸಿದರೆ ಬಣ್ಣವೆಲ್ಲ ನೀರಿಗೆ. ಒಂದು ಪಾಲಿಗೆ ಕಾಲು ಗೆಡ್ಡೆ ಸಾಕು. ಅದಕ್ಕೊಂದು ಮಣ್ಣಿನ ವಾಸನೆ ಇದೆಯಲ್ಲ, ಅದು ಜಿಯೋಸ್ಮಿನ್ ಅನ್ನುವ ಅಂಶದ್ದು. ಹುಳಿ ಬಿದ್ದರೆ ತಗ್ಗುತ್ತದೆ, ಹಾಗಾಗಿ ಇನ್ನರ್ಧ ನಿಂಬೆ ಹಿಂಡಿ.

ಕೊತ್ತಂಬರಿ ಸುಲಭ. ಒಂದು ಹಿಡಿ ಸೊಪ್ಪು, ಒಂದು ಹಸಿಮೆಣಸಿನಕಾಯಿ, ಅರೆದು ಬೆರೆಸಿ. ಅವತ್ತೇ ತಿನ್ನಿ, ನಿಂಬೆಯಿಂದಾಗಿ ಮಾರನೇ ದಿನಕ್ಕೆ ಹಸಿರು ಮಂಕಾಗುತ್ತದೆ.

(ಕ್ಲೋಸಪ್: ಕುಟ್ಟಾಣಿಯಲ್ಲಿ ಹುಚ್ಚೆಳ್ಳು.)

ಇದೇ ನೋಡಿ ಬೂದು ಬಟ್ಟಲಿನ ಗುಟ್ಟು. ಹುಚ್ಚೆಳ್ಳು. ಎರಡು ಚಮಚ ಹುಚ್ಚೆಳ್ಳನ್ನು ಚಟಪಟ ಅನ್ನುವವರೆಗೆ ಹುರಿದು, ಒಂದು ಬ್ಯಾಡಗಿ ಮೆಣಸಿನಕಾಯಿಯ ಜೊತೆ ತರಿತರಿಯಾಗಿ ಕುಟ್ಟಿ. ಮಿಕ್ಸಿಗೆ ಹಾಕಬೇಡಿ, ಚಮಚದಲ್ಲಿ ಕಲಸಿ. ಮೇಲೆ ಆಲಿವ್ ಎಣ್ಣೆ ಬದಲು ಗಾಣದ ಕಡಲೆಕಾಯಿ ಎಣ್ಣೆ. ಬಿಸಿ ರಾಗಿ ರೊಟ್ಟಿಗೆ ಇದನ್ನು ಹಚ್ಚಿಕೊಂಡು ತಿನ್ನಿ. ಪಿಟಾ ಬ್ರೆಡ್‌ಗಿಂತ ನನಗೆ ಇದೇ ಸರಿ ಅನ್ನಿಸುತ್ತದೆ. ಬೀಟ್‌ರೂಟಿನದಕ್ಕೆ ಅಕ್ಕಿ ರೊಟ್ಟಿ, ಸೌತೆಕಾಯಿ.

ಉಳಿದದ್ದು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ತಣ್ಣಗಾದಾಗ ಗಟ್ಟಿಯಾಗುತ್ತದೆ, ಒಂದು ಚಮಚ ನೀರು ಹಾಕಿ ಕಲಸಿದರೆ ಸರಿ. ಮಕ್ಕಳ ಡಬ್ಬಿಗೆ ಕಳಿಸುವುದಾದರೆ ಚಪಾತಿಗೆ ತೆಳ್ಳಗೆ ಸವರಿ ಸುರುಳಿ ಸುತ್ತಿ. ಬೇಸಿಗೆಯಲ್ಲಿ ಮಾತ್ರ ಬೇಡ, ಮಧ್ಯಾಹ್ನದ ಹೊತ್ತಿಗೆ ಹುಳಿ ಹಿಡಿಯುತ್ತದೆ.