ಕ್ಲಸ್ಟರ್‌ಗೆ ಬೈಯೂದ ಬಿಡ್ರಿ, ಮೊದ್ಲ ವೈರ್ ನೋಡ್ರಿ

ನಮಸ್ಕಾರ್ರಿ ಎಲ್ಲಾರಿಗೂ. ಇವತ್ತ ಸ್ವಲ್ಪ ಖಾರಾ ಮಾತ ಐತಿ, ಆದ್ರ ಹೇಳಲೇಬೇಕು. ಸರ್ವರ್ ಕ್ಲಸ್ಟರ್, ಅಂದ್ರ ಒಂದ ಬಿದ್ರ ಇನ್ನೊಂದು ಕೆಲಸ ಎತ್ತಿಕೊಳ್ಳೂವಂಗ ಜೋಡಿಸಿದ ಸರ್ವರ್‌ಗಳ ಗುಂಪು, ಕೈಕೊಟ್ಟಿತು ಅಂದಕೂಡ್ಲೆ ನಮ್ಮ ಕಡೆ ಮಂದಿ ಮಾಡೂ ಮೊದಲನೇ ಕೆಲಸ ಏನ್ರಿ? ರೀಸ್ಟಾರ್ಟ್. ಅದಕ್ಕೂ ಜಗ್ಗಲಿಲ್ಲ ಅಂದ್ರ ಕಾನ್ಫಿಗ್ ಫೈಲ್ ತಗದು ಅಲ್ಲೊಂದು ಇಲ್ಲೊಂದು ನಂಬರ್ ಬದಲಿ ಮಾಡೂದು, ಆಮ್ಯಾಲ "ಈ ಕ್ಲಸ್ಟರ್ ಸಾಫ್ಟ್‌ವೇರೇ ಸರಿ ಇಲ್ರಿ ಸಾಹೇಬ್ರ" ಅಂತ ಹೇಳಿ ಕೈ ತೊಳಕೊಳ್ಳೂದು. ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಾಗೂ ಇದ ಕಥಿ, ವಿಜಯಪುರದ ದವಾಖಾನ್ಯಾಗೂ ಇದ ಕಥಿ. ನಾ ಏನಂತೀನಿ ಅಂದ್ರ, ಭಾಳ ಸಲ ಕ್ಲಸ್ಟರ್ ತನ್ನ ಕೆಲಸ ಬರೋಬ್ಬರಿ ಮಾಡಿರ್ತೈತಿ, ಕೆಟ್ಟಿರೂದು ಅದರ ಕೆಳಗಿನ ವೈರು, ಪೋರ್ಟು, ಪವರ್ರು.

ಇದು ಬರೇ ಕಂಪ್ಯೂಟರ್ ಮಂದಿ ತಲಿಬ್ಯಾನಿ ಅಂತ ತಿಳೀಬ್ಯಾಡ್ರಿ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನ್ಯಾಗ ಹೋಗಿ ನೋಡ್ರಿ, ಫ್ಯಾಕ್ಟರಿ ಗೇಟಿನಿಂದ ರೋಡ್ ತನಕ ಟ್ರ್ಯಾಕ್ಟರ್ ಸಾಲ ಹಚ್ಚಿ ನಿಂತಿರ್ತಾವು. ಕಾಟಾದ ಮ್ಯಾಲ ಗಾಡಿ ಹತ್ತಬೇಕು, ತೂಕ ಸಿಸ್ಟಮ್‌ನ್ಯಾಗ ಏರಬೇಕು, ಚೀಟಿ ಹೊರಗ ಬರಬೇಕು. ಆ ತೂಕದ ಡೇಟಾಬೇಸ್ ಎರಡ ಸರ್ವರ್ ಕ್ಲಸ್ಟರ್ ಮ್ಯಾಲ ಇಟ್ಟಿದ್ರು ಅಂದ್ರ, ಅದು ನಿಂತಕೂಡ್ಲೆ ಇಡೀ ಸಾಲ ನಿಂತಂಗ. ಕಡದ ಕಬ್ಬ ಬಿಸಿಲಿಗೆ ಒಣಗಿ ತೂಕ ಕಳಕೊಂತೈತಿ, ಆ ತೂಕ ಯಾರ ಕಿಸೆದಾಗಿಂದ ಹೋತ್ರಿ? ರೈತಂದು. ಹಂಗಾಗಿ "ರೀಸ್ಟಾರ್ಟ್ ಹೊಡದ್ವಿ ಸರ್, ಈಗ ಬಂತು" ಅನ್ನೂ ಉತ್ತರ ನನಗ ಸಾಲೂದಿಲ್ಲ. ಯಾಕ ಹೋಗಿತ್ತು ಅಂತ ತಿಳೀಲಿಲ್ಲ ಅಂದ್ರ ಅದು ಹೊಳ್ಳಿ ಹೋಗ್ತೈತಿ, ಅದೂ ರಾತ್ರಿ ಪಾಳಿಯೊಳಗ.

ಕ್ಲಸ್ಟರ್ ಒಳಗ ಒಂದ ಸರ್ವರ್ ಇನ್ನೊಂದಕ್ಕ "ಅದೀಯೇನು? ಅದೀಯೇನು?" ಅಂತ ಕೇಳ್ಕೋತ ಇರ್ತೈತಿ, ಅದಕ್ಕ ಹಾರ್ಟ್‌ಬೀಟ್ ಅಂತೀವಿ. ವಿಂಡೋಸ್ ಸರ್ವರ್ 2016ರಾಗ ಸೆಕೆಂಡಿಗೊಂದು ಹಾರ್ಟ್‌ಬೀಟ್, ಒಂದ ಸಬ್‌ನೆಟ್ (ನೆಟ್‌ವರ್ಕಿನ ಒಂದ ಭಾಗ) ಒಳಗ ಸಾಲಾಗಿ 10 ತಪ್ಪಿದ್ರ ಆ ನೋಡ್ (ಕ್ಲಸ್ಟರಿನ ಒಂದ ಸರ್ವರ್) ಹೊರಗ, 2019ರಾಗ ಅದನ್ನ 20ಕ್ಕ ಏರಿಸ್ಯಾರ. ಇವೆಂಟ್ 1135 ಅಂತ ಲಾಗ್‌ನ್ಯಾಗ ಬೀಳ್ತೈತಲ್ಲ, ಅದರ ಅರ್ಥ ಇಷ್ಟ, ಆ ನೋಡಿನ ಜೋಡಿ ಮಾತು ನಿಂತೈತಿ ಅಂತ. ಯಾಕ ನಿಂತೈತಿ ಅಂತ ಅದು ಹೇಳೂದಿಲ್ಲ, ಅದನ್ನ ನಾವು ಹುಡುಕಬೇಕು. ಲಿನಕ್ಸ್ ಕಡೆ ಇದ ಕೆಲಸ ಮಾಡೂ ಕೊರೋಸಿಂಕ್ ಇನ್ನೂ ಅವಸರದ್ದು, ಈಗಿನ ವರ್ಷನ್ನಿನ್ಯಾಗ ಎರಡ ನೋಡಿಗೆ ಡೀಫಾಲ್ಟ್ ಟೋಕನ್ ಟೈಮ್‌ಔಟ್, ಅಂದ್ರ ಉತ್ತರಕ್ಕ ಕಾಯೂ ಹೊತ್ತು, ಮೂರ ಸೆಕೆಂಡ್.

ಮೂರ ಸೆಕೆಂಡ್ ಅಂತ ನೆನಪಿಡ್ರಿ, ಈಗ ಸ್ವಿಚ್ ಕಡೆ ಬರ್ರಿ. ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕಿನ್ಯಾಗ ಸುತ್ತು ಬೀಳದಂಗ ಸ್ವಿಚ್ ಮಾಡೂ ತಪಾಸಣಿ) ಹಳೇ ರೀತಿಯೊಳಗ ನಡದಿತ್ತಂದ್ರ, ಪೋರ್ಟ್ ಒಮ್ಮೆ ಬಿದ್ದು ಎದ್ದರ ಟ್ರಾಫಿಕ್ ಬಿಡಾಕ ಹದಿನೈದು ಮತ್ತ ಹದಿನೈದು, ಮೂವತ್ತ ಸೆಕೆಂಡ್ ತಗೋತೈತಿ. ಕೇಬಲಿನ ಕ್ಲಿಪ್ ಮುರದೈತಿ, ಯಾರೋ ರ್‍ಯಾಕಿನ ಬಾಗಲಾ ಹಾಕೂವಾಗ ಸ್ವಲ್ಪ ಅಳ್ಳಾಡಿತು, ಲಿಂಕ್ ಅರ್ಧ ಸೆಕೆಂಡ್ ಹೋಗಿ ಬಂತು, ಸ್ವಿಚ್ ಮೂವತ್ತ ಸೆಕೆಂಡ್ ಬಾಯಿ ಮುಚ್ಚಕೊಂಡು ಕುಂತಿತು, ಕ್ಲಸ್ಟರ್ ಮೂರ ಸೆಕೆಂಡಿಗೆ "ಇಂವ ಹೋದ" ಅಂತ ತೀರ್ಮಾನ ಮಾಡಿತು. ಇದರಾಗ ಕ್ಲಸ್ಟರ್ ತಪ್ಪೇನೈತ್ರಿ? ಸರ್ವರ್ ಕೂಡೂ ಪೋರ್ಟಿಗೆ ಪೋರ್ಟ್‌ಫಾಸ್ಟ್ (ಆ ಮೂವತ್ತ ಸೆಕೆಂಡ್ ಕಾಯದಂಗ ಮಾಡೂ ಸೆಟಿಂಗ್) ಹಾಕಬೇಕಿತ್ತು, ಕ್ಲಿಪ್ ಮುರದ ಕೇಬಲ್ ಒಗೀಬೇಕಿತ್ತು. ಅದು ಬಿಟ್ಟು ಟೈಮ್‌ಔಟ್ ಅರವತ್ತಕ್ಕ ಏರಿಸ್ತಾರ, ಆಮ್ಯಾಲ ಖರೇನ ಸರ್ವರ್ ಸತ್ತಾಗ ಒಂದ ನಿಮಿಷ ಯಾರಿಗೂ ಗೊತ್ತಾಗೂದಿಲ್ಲ.

ವೈರಿನ ಮಾತ ಬಂತಂದ್ರ ಎಥ್‌ಟೂಲ್ (ನೆಟ್‌ವರ್ಕ್ ಕಾರ್ಡಿನ ಸ್ಥಿತಿ ತೋರಸೂ ಲಿನಕ್ಸ್ ಕಮಾಂಡ್) ಒಮ್ಮೆ ಹೊಡೀರಿ. ಸ್ಪೀಡ್ 1000 ಮೆಗಾಬಿಟ್ (ಒಂದ ಗಿಗಾಬಿಟ್) ಇರಬೇಕಾದಲ್ಲಿ 100 ತೋರಸ್ತೈತೇನು? ಗಿಗಾಬಿಟ್ಟಿಗೆ ಕೇಬಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕ ಎರಡ ಜೋಡಿ ಸಾಕು. ಒಂದ ತಂತಿ ಕಟ್ ಆಗಿದ್ರ, ಇಲಿ ಕಡದಿದ್ರ, ಕ್ರಿಂಪಿಂಗ್ ಸಡ್ಲ ಇದ್ರ ಲೈಟ್ ಹತ್ತೇ ಇರ್ತೈತಿ, ಪಿಂಗ್ ಬರ್ತಾನ ಇರ್ತೈತಿ, ಎಲ್ಲಾ ಚೊಲೋ ಐತಿ ಅನಸ್ತೈತಿ, ಆದ್ರ ರಾತ್ರಿ ಬ್ಯಾಕಪ್ ಶುರು ಆದಕೂಡ್ಲೆ ಆ 100ರ ಕೊಳವಿ ತುಂಬಿ ಹಾರ್ಟ್‌ಬೀಟ್ ಹಿಂದ ಬೀಳ್ತೈತಿ. ಅದರ ಜೋಡಿ ಸಿಆರ್‌ಸಿ ಎರರ್ (ದಾರ್ಯಾಗ ಕೆಟ್ಟ ಪ್ಯಾಕೆಟ್) ಕೌಂಟ್ ನೋಡ್ರಿ, ಹತ್ತ ನಿಮಿಷ ಬಿಟ್ಟು ಹೊಳ್ಳಿ ನೋಡ್ರಿ, ಏರಾಕತ್ತಿದ್ರ ಕೇಬಲ್, ಪೋರ್ಟ್ ಇಲ್ಲಾ ಕಾರ್ಡ್ ಮ್ಯಾಲ ಸಂಶಯ ಪಡ್ರಿ, ಒಂದೊಂದಾಗಿ ಬದಲಿ ಮಾಡ್ರಿ. ಎಲ್ಲಾ ಒಮ್ಮೆಲೆ ಬದಲಿ ಮಾಡಿದ್ರ ಕೆಟ್ಟದ್ದು ಯಾವದಿತ್ತು ಅಂತ ಗೊತ್ತಾಗೂದಿಲ್ಲ.

ಇನ್ನೊಂದು, ಜಂಬೋ ಫ್ರೇಮ್, ಅಂದ್ರ ಮಾಮೂಲಿಗಿಂತ ದೊಡ್ಡ ಪ್ಯಾಕೆಟ್. ಸರ್ವರಿಗೆ ಎಂಟಿಯು (ಒಂದ ಪ್ಯಾಕೆಟ್ಟಿನ ಗರಿಷ್ಠ ಸೈಜ್) 9000 ಹಾಕ್ಯಾರ, ನಡುವಿನ ಸ್ವಿಚ್ಚಿಗೆ 1500 ಬಿಟ್ಟಾರ. ಸಣ್ಣ ಪಿಂಗ್ ಸಲೀಸ ಹೋಗ್ತೈತಿ, ದೊಡ್ಡ ಪ್ಯಾಕೆಟ್ ಗಪ್ ಚುಪ್ ಸಾಯ್ತೈತಿ. ಪಿಂಗ್‌ನ ಸೈಜ್ 8972 ಕೊಟ್ಟು, ತುಂಡ ಮಾಡಬ್ಯಾಡ ಅನ್ನೂ ಆಪ್ಶನ್ ಹಾಕಿ ಕಳಸ್ರಿ, ನಿಮಿಷದಾಗ ಬಣ್ಣಾ ಬಯಲ ಆಗ್ತೈತಿ.

ಕನೆಕ್ಷನ್ ಕಡದಾಗ ಹಾನಿ ಎಷ್ಟು ದೊಡ್ಡದಾಗ್ತೈತಿ ಅಂತ ನಂಬಕಿ ಬರಲಿಲ್ಲ ಅಂದ್ರ ಪ್ರೋಗ್ರಾಮ್ ಕೋಡ್ ಇಡೂ ವೆಬ್‌ಸೈಟ್ ಗಿಟ್‌ಹಬ್‌ನವರ ಕಥಿ ಕೇಳ್ರಿ, ಅವರ ಬಹಿರಂಗವಾಗಿ ಬರದಾರ. 2018ರ ಅಕ್ಟೋಬರ್ 21ಕ್ಕ ಕೆಡಾಕ ಹತ್ತಿದ್ದ 100 ಗಿಗಾಬಿಟ್ ಆಪ್ಟಿಕಲ್ ಸಾಮಾನ ಬದಲಿ ಮಾಡೂವಾಗ ಲಿಂಕ್ ಹೋಗಿದ್ದು 43 ಸೆಕೆಂಡ್. ಅಷ್ಟರಾಗ ಅವರ ಸಿಸ್ಟಮ್ ಡೇಟಾಬೇಸಿನ ಯಜಮಾನಕಿ ಅಮೆರಿಕಾದ ಪೂರ್ವದ ದಂಡಿಯಿಂದ ಪಶ್ಚಿಮಕ್ಕ ಕೊಟ್ಟಬಿಡ್ತು, ಎರಡೂ ಕಡೆ ಒಂದಕ್ಕೊಂದು ಗೊತ್ತಿಲ್ಲದ ಬರಹ ಉಳಕೊಂಡ್ವು, ಪೂರ್ತಿ ಸರಿ ಮಾಡಾಕ 24 ತಾಸು 11 ನಿಮಿಷ ಹಿಡೀತು. ಅಷ್ಟ ದೊಡ್ಡ ಟೀಮ್ ಇದ್ದವರಿಗೇ ಹಿಂಗಾದ್ರ, ಒಬ್ಬ ಹುಡುಗನ ಕೈಯಾಗ ಎರಡ ಸರ್ವರ್ ಕೊಟ್ಟು ಬಿಟ್ಟ ಫ್ಯಾಕ್ಟರಿ ಗತಿ ಏನ್ರಿ?

ನಡುವಿನ ಕನೆಕ್ಷನ್ ಕಡದ ಎರಡ ನೋಡಿನ ಕ್ಲಸ್ಟರ್ ಅಂದ್ರ ಮಾತ ಬಿಟ್ಟ ಅಣ್ಣ ತಮ್ಮ ಇದ್ದಂಗ, ಇಬ್ಬರೂ ಹೊಲ ತನ್ನದ ಅಂತ ಒಂದ ಹೊಲದ ಮ್ಯಾಲ ಬ್ಯಾರೆ ಬ್ಯಾರೆ ಬ್ಯಾಂಕಿನ್ಯಾಗ ಸಾಲ ತಗೋತಾರ. ಅದಕ್ಕ ಮೂರನೇ ವೋಟ್ ಬೇಕು. ಮೂರನೇ ದೊಡ್ಡ ಸರ್ವರ್ ತರಾಕ ರೊಕ್ಕ ಇಲ್ಲಂದ್ರ ಕ್ಯೂಡಿವೈಸ್ (ಬರೇ ಮೂರನೇ ವೋಟ್ ಹಾಕೂ ಸಣ್ಣ ವ್ಯವಸ್ಥಾ) ಇಡ್ರಿ, ಅದಕ್ಕ ಮೂಲ್ಯಾಗ ಬಿದ್ದ ಹಳೇ ಡೆಸ್ಕ್‌ಟಾಪೂ ಸಾಕು, ಆದ್ರ ಬ್ಯಾರೆ ಯುಪಿಎಸ್ ಮ್ಯಾಲ ಇರಬೇಕು. ಫೆನ್ಸಿಂಗ್ (ಮಾತ ನಿಂತ ಸರ್ವರ್ ಡೇಟಾ ಮುಟ್ಟದಂಗ ಅದನ್ನ ಬಂದ್ ಮಾಡಿ ಹಾಕೂದು) ಮಾತ್ರ ಬಂದ್ ಮಾಡಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ. ಸೋಡಚೀಟಿ ಕೊಟ್ಟಂಗ "ಸ್ಟೋನಿತ್ ಎನೇಬಲ್ಡ್ ಫಾಲ್ಸ್" ಅಂತ ಫೆನ್ಸಿಂಗ್ ಬಂದ್ ಮಾಡೂ ಸೆಟಿಂಗ್ ಬರದು ಹೋಗ್ತಾರ, ಎರರ್ ಮೆಸೇಜ್ ಹೋಗ್ತೈತಿ, ಡೇಟಾ ಕಾಯೂ ಕಾವಲುಗಾರನೂ ಹೋಗ್ತಾನ. ಅಷ್ಟ ಅಲ್ಲ, ಫೆನ್ಸಿಂಗ್‌ಗೆ ಸರ್ವರಿನ ಬಿಎಂಸಿ (ಸರ್ವರನ್ನ ದೂರದಿಂದ ಬಂದ್-ಚಾಲೂ ಮಾಡೂ ಒಳಗಿನ ಸಣ್ಣ ಚಿಪ್) ಬಳಸ್ತೀವಿ, ಅದಕ್ಕ ಕರೆಂಟ್ ಬರೂದು ಅದ ಸರ್ವರಿನ ಪವರ್ ಸಪ್ಲೈದಿಂದ. ಎರಡೂ ಪವರ್ ಸಪ್ಲೈ ಒಂದ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿದ್ರ, ಬೋರ್ಡ್ ಸುಟ್ಟಾಗ ಬಿಎಂಸಿನೂ ಸಾಯ್ತೈತಿ, ಫೆನ್ಸಿಂಗ್ ಫೇಲ್, ಆ ಸರ್ವರ್ ಖರೇನ ನಿಂತೈತೋ ಇಲ್ಲೋ ಗೊತ್ತಾಗದ ಉಳದ ಸರ್ವರ್ ಜೀವಂತ ಇದ್ರೂ ಕೆಲಸ ಎತ್ತಿಕೊಳ್ಳೂದಿಲ್ಲ. ಡಬಲ್ ಪವರ್ ಸಪ್ಲೈ ಅಂತ ರೊಕ್ಕ ಕೊಟ್ಟು ತಂದು ಒಂದ ಬೋರ್ಡಿಗೆ ಹಾಕೂದು ನೋಡಿದ್ರ ನನಗ ಹೊಟ್ಟಿ ಉರೀತೈತ್ರಿ.

ಧೂಳು, ಬಿಸಿಲು ನಮ್ಮ ಕಡೆ ಕೇಳೂದ ಬ್ಯಾಡ. ಸರ್ವರ್ ಮುಂದಿನ ಬಾಯಿಗೆ ಬರೂ ಗಾಳಿ 18ರಿಂದ 27 ಡಿಗ್ರಿ ಇರಬೇಕು ಅಂತ ಶಿಫಾರಸ ಐತಿ, ಫೌಂಡ್ರಿಯ ಕಬ್ಬಿಣದ ಪುಡಿ ಅಂತೂ ಕರೆಂಟ್ ಹರಿಸೂ ಧೂಳು.

ಈಗ ರೀಸ್ಟಾರ್ಟಿಗೆ ಹೊಳ್ಳಿ ಬರ್ತೀನಿ. ಮಾಡ್ರಿ, ಬ್ಯಾಡ ಅನ್ನೂದಿಲ್ಲ, ಗಾಡಿ ಸಾಲ ನಿಂತಾಗ ಮಾಡಲೇಬೇಕಾಗ್ತೈತಿ. ಆದ್ರ ಎರಡ ನಿಮಿಷ ತಡೀರಿ. ಡಿಮೆಸೇಜ್ (ಕರ್ನಲ್ ಲಾಗ್), ಜರ್ನಲ್ (ಸಿಸ್ಟಮ್ ಲಾಗ್), ಎಥ್‌ಟೂಲಿನ ಕೌಂಟರ್ ಎಲ್ಲಾ ಒಂದ ಫೈಲಿಗೆ ಹಾಕಿ ಬ್ಯಾರೆ ಮಷೀನಿಗೆ ಕಾಪಿ ಮಾಡ್ರಿ, ಯಾಕಂದ್ರ ರೀಸ್ಟಾರ್ಟ್ ಆದ್ರ ಕೌಂಟರ್ ಸೊನ್ನಿ ಆಗ್ತಾವು, ಜರ್ನಲ್ ಡಿಸ್ಕಿಗೆ ಬರಿಯಂಗ ಇಟ್ಟಿರಲಿಲ್ಲ ಅಂದ್ರ ಅದೂ ಹೋಗ್ತೈತಿ. ಬಿಎಂಸಿ ಒಳಗಿನ ಇವೆಂಟ್ ಲಾಗ್ ಮಾತ್ರ ಉಳೀತೈತಿ, ಮೆಮರಿ ಇಸಿಸಿ ಎರರ್, ಫ್ಯಾನ್, ಪವರ್ ಎಲ್ಲಾ ಅಲ್ಲಿ ಬರದಿರ್ತೈತಿ, ಅದನ್ನ ತಗದು ನೋಡೂ ಪುಣ್ಯಾತ್ಮರ ಕಡಿಮಿ.

ಫ್ಯಾಕ್ಟರಿ ಮಾಲಕರಿಗೂ ಒಂದ ಮಾತ. ಹಂಗಾಮು ಚಾಲೂ ಆಗೂ ಮೊದ್ಲ ಒಂದ ರವಿವಾರ ನಿಮ್ಮ ಐಟಿ ಹುಡುಗರಿಗೆ ಬಿಟ್ಟು ಕೊಡ್ರಿ. ಬ್ಯಾಕಪ್ ತಗೊಂಡು, ಹಾರ್ಟ್‌ಬೀಟ್ ಕೇಬಲ್ ಒಂದೊಂದಾಗಿ ಕೀಳಲಿ, ಆಮ್ಯಾಲ ಪವರ್ ಕಾರ್ಡ್ ಕೀಳಲಿ, ಆಮ್ಯಾಲ ಇಡೀ ಸ್ವಿಚ್ ಬಂದ್ ಮಾಡಲಿ, ಪ್ರತಿ ಸಲಕ್ಕೂ ಕಾಟಾದ ಕಂಪ್ಯೂಟರಿನ್ಯಾಗ ಒಂದ ಖಾಲಿ ಗಾಡಿ ತೂಕ ಮಾಡಿ ಚೀಟಿ ಬರ್ತೈತೋ ಇಲ್ಲೋ ನೋಡಲಿ. ಬರಲಿಲ್ಲ ಅಂದ್ರ ಆ ಹುಡುಗರಿಗೆ ಬೈಬ್ಯಾಡ್ರಿ, ಅವರು ಕೇಳೂ ಕೇಬಲ್, ಎರಡನೇ ಸ್ವಿಚ್ಚು, ಬ್ಯಾರೆ ಯುಪಿಎಸ್ ಲೈನು ಅವತ್ತ ಮಂಜೂರ ಮಾಡ್ರಿ.